ನನ್ನ ಜೊತೆ ನನ್ನದೇ ಮೀಟಿಂಗು

ಒಬ್ಬರೇ ಕೂತು ತಲೆ ಓಡಿಸುವುದಕ್ಕೆ ಅಷ್ಟೇನೂ ಮರ್ಯಾದೆ ಇಲ್ಲ. ಹತ್ತು ಜನ ಒಂದು ಕೋಣೆಯಲ್ಲಿ ಸೇರಿ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿದರೆ ಅದು ಕೆಲಸ. ಒಬ್ಬರೇ ಕಿಟಕಿಯಾಚೆ ನೋಡುತ್ತಾ ಕೂತರೆ, 'ಏನು, ಫ್ರೀ ಇದ್ದೀರಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವವರು ಯಾರೂ ಇಲ್ಲದಿದ್ದರೆ ನಮಗೇ ಒಂಥರಾ ಮುಜುಗರ. ಅದಕ್ಕೇ ಕೈಯಲ್ಲೊಂದು ಪೆನ್ನು ಹಿಡಿದುಕೊಳ್ಳುವುದು. ಪೆನ್ನಿದ್ದರೆ ಯೋಚನೆ, ಇಲ್ಲದಿದ್ದರೆ ಸೋಮಾರಿತನ.

ಈ ಗುಂಪು ಕಟ್ಟುವ ಗೀಳು ಹತ್ತಿಸಿದವರು ಅಲೆಕ್ಸ್ ಆಸ್ಬಾರ್ನ್ ಅಂತ, ಅಮೆರಿಕದಲ್ಲಿ ಜಾಹೀರಾತು ಕಂಪನಿ ನಡೆಸುತ್ತಿದ್ದವರು. 1940 ಮತ್ತು 50ರ ದಶಕಗಳಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಬ್ರೈನ್‌ಸ್ಟಾರ್ಮಿಂಗನ್ನು ಎಲ್ಲೆಡೆ ಹಬ್ಬಿಸಿದರು. ನಿಯಮಗಳೇನೋ ಸೊಗಸಾಗಿವೆ. ತೋಚಿದ್ದನ್ನೆಲ್ಲ ಹೇಳಿ. ಜಾಸ್ತಿ ಆದಷ್ಟೂ ಒಳ್ಳೆಯದು. ಹುಚ್ಚು ಐಡಿಯಾ ಆದರೂ ಪರವಾಗಿಲ್ಲ. ಇನ್ನೊಬ್ಬರು ಹೇಳಿದ್ದಕ್ಕೆ ನಿಮ್ಮದನ್ನೂ ಸೇರಿಸಿ. ಕೊಂಕು ತೆಗೆಯುವುದು ಮಾತ್ರ ಆಮೇಲೆ. ಹೀಗೆ ಗುಂಪಿನಲ್ಲಿ ಕೂತರೆ ಒಬ್ಬರಿಗೆ ಹೊಳೆಯುವುದರ ಎರಡರಷ್ಟು ಹೊಳೆಯುತ್ತದೆ ಅಂತ ಅವರ ನಂಬಿಕೆ.

1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಹಚ್ಚಿದರು. ಒಂದು ಕಡೆ, ಒಟ್ಟಿಗೆ ಕೂತ ನಾಲ್ವರು. ಇನ್ನೊಂದು ಕಡೆ, ಒಬ್ಬೊಬ್ಬರೇ ಯೋಚಿಸಿದ ನಾಲ್ವರ ಪಟ್ಟಿಗಳನ್ನು ಕೂಡಿಸಿದ್ದು, ಎರಡೆರಡು ಸಲ ಬಂದದ್ದನ್ನು ಒಂದೇ ಸಲ ಎಣಿಸಿ. ಒಂಟಿಯಾಗಿ ಕೂತವರೇ ಗೆದ್ದರು, ಅದೂ ಚೆನ್ನಾಗಿಯೇ ಗೆದ್ದರು. ಯಾಕೆ ಹೀಗಾಯಿತು ಅಂತ 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಕೆದಕಿ ನೋಡಿದರು. ಸಂಕೋಚ, ಮೈಗಳ್ಳತನ ಇವೆಲ್ಲಕ್ಕಿಂತ ದೊಡ್ಡ ಕಾರಣ ಒಂದಿತ್ತು: ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು.

ಮೀಟಿಂಗಿನಲ್ಲಿ ಕೂತು ಅಭ್ಯಾಸ ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏನೋ ಹೊಳೆಯುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಎದುರಿಗಿದ್ದವರು ಶುರು ಮಾಡಿರುತ್ತಾರೆ. ಅವರ ಮಾತು ಕೇಳಿಸಿಕೊಂಡರೆ ನಿಮ್ಮದು ಮರೆತುಹೋಗುತ್ತದೆ. ನಿಮ್ಮದನ್ನೇ ಮನಸ್ಸಿನಲ್ಲಿ ಜಪಿಸುತ್ತಾ ಕೂತರೆ ಅವರ ಮಾತು ಕಿವಿಗೆ ಬೀಳುವುದಿಲ್ಲ. ಕೊನೆಗೆ ನಿಮ್ಮ ಸರದಿ ಬಂದಾಗ, 'ನಾನೂ ಅದನ್ನೇ ಹೇಳಬೇಕಂತಿದ್ದೆ' ಅಂದು ಸುಮ್ನಾಗುತ್ತೀರಿ.

ಆಸ್ಬಾರ್ನ್ ಅವರನ್ನು ದೂರುವ ಹಾಗೂ ಇಲ್ಲ. ಒಬ್ಬೊಬ್ಬರೇ ಯೋಚಿಸುವುದನ್ನು ಬಿಡಿ ಅಂತ ಅವರು ಹೇಳಿರಲಿಲ್ಲ, ಗುಂಪು ಅದಕ್ಕೆ ಪೂರಕ ಅಷ್ಟೇ ಅಂದಿದ್ದರು. ಜನ ತಮಗೆ ಬೇಕಾದ್ದನ್ನು ಇಟ್ಟುಕೊಂಡರು. ಮೀಟಿಂಗ್ ಕರೆಯುವುದು ಯೋಚಿಸುವುದಕ್ಕಿಂತ ಸುಲಭ, ಅಲ್ವಾ?

ಹಾಗಂತ ಒಬ್ಬರೇ ಕೂತರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಗುಂಪಿನಲ್ಲಿ 'ಈಗ ಟೀಕೆ ಬೇಡ' ಅಂತ ಗದರಿಸುವುದಕ್ಕೆ ಯಾರಾದರೂ ಇರುತ್ತಾರೆ. ಇಲ್ಲಿ ಟೀಕೆ ಮಾಡುವವರೂ ನಾವೇ. ತಲೆಯೊಳಗೆ ಒಬ್ಬ ಮಹಾಶಯ ಠಿಕಾಣಿ ಹೂಡಿರುತ್ತಾನೆ. ಐಡಿಯಾ ಇನ್ನೂ ಅರ್ಧ ಬಂದಿರುತ್ತದೆ, ಅಷ್ಟರಲ್ಲೇ ಅವನ ಪ್ರಶ್ನೆ: 'ಖರ್ಚೆಷ್ಟು? ಇಷ್ಟು ಸುಲಭ ಇದ್ದಿದ್ದರೆ ಬೇರೆಯವರು ಮಾಡ್ತಿರಲಿಲ್ವಾ? ನಾಲ್ಕು ಜನ ನೋಡಿದರೆ ಏನಂತಾರೆ?' ಹೊರಗೆ ಕಳಿಸೋಣ ಅಂದರೆ ಅವನ ಮನೆಯೂ ಇದೇ. ನಾನು ಕಂಡುಕೊಂಡ ಉಪಾಯ ಅಂದರೆ ಅವನಿಗೆ ಬೇರೆ ಹೊತ್ತು ಗೊತ್ತು ಮಾಡುವುದು. 'ಸ್ವಾಮಿ, ತಾವು ಸಂಜೆ ಬನ್ನಿ. ಎಲ್ಲವನ್ನೂ ನಿಮ್ಮ ಮುಂದೆ ಇಡ್ತೀನಿ, ಎಷ್ಟು ಬೇಕಾದರೂ ಹೊಡೆದುಹಾಕಿ.' ವಿಚಿತ್ರ ಅಂದರೆ, ಒಪ್ಪುತ್ತಾನೆ. ಹೊಡೆದುಹಾಕುವುದು ಗ್ಯಾರಂಟಿ ಇದ್ದರೆ ಕಾಯುವುದಕ್ಕೆ ಅವನಿಗೆ ಬೇಜಾರಿಲ್ಲ.

ಮನೆಯಲ್ಲೊಂದು ಬಾಗಿಲಿತ್ತು. ರಾತ್ರಿ ಗಾಳಿ ಬೀಸಿದರೆ ಢಬಾರ್ ಅಂತ ಬಡಿದುಕೊಳ್ಳುತ್ತಿತ್ತು. ಒಂದು ಹಾಳೆ ತೆಗೆದುಕೊಂಡು ಬರೆಯುತ್ತಾ ಹೋದೆ. ಕೆಳಗೆ ಮರದ ತುಂಡು ಸಿಕ್ಕಿಸುವುದು. ಚೌಕಟ್ಟಿಗೆ ರಬ್ಬರ್ ಅಂಟಿಸುವುದು. ಹಿಡಿಗೆ ದಾರ ಕಟ್ಟುವುದು. ಕಿಟಕಿ ಮುಚ್ಚುವುದು. ಇಲ್ಲಿಯವರೆಗೆ ಪೆನ್ನು ಸರಸರ ಓಡಿತು. ಓಡದೆ ಏನು, ಇವೆಲ್ಲ ಯಾರಿಗಾದರೂ ಹೊಳೆಯುವಂಥವೇ. ಆಮೇಲೆ ನಿಂತಿತು. ಹಾಳೆಯ ಮೂಲೆಯಲ್ಲಿ ಒಂದು ಹೂವು ಬಿಡಿಸಿದೆ, ಅದಕ್ಕೆ ಎಲೆಯನ್ನೂ ಬಿಡಿಸಿದೆ.

ಸಾಮಾನ್ಯವಾಗಿ ಇಲ್ಲಿಗೇ ಎದ್ದುಬಿಡುತ್ತೇವೆ, ಸರಕು ಮುಗಿಯಿತು ಅಂತ. ಆದರೆ ಪಟ್ಟಿ ಬೆಳೆದಂತೆ ಐಡಿಯಾಗಳು ಬರುವುದು ನಿಧಾನವಾದರೂ, ಬಂದವು ಜಾಸ್ತಿ ಹೊಸತಾಗಿರುತ್ತವೆ ಎಂಬುದನ್ನು 1957ರಷ್ಟು ಹಿಂದೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್‌ಫರ್ಡ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಅಂದರೆ ಆ ಹೂವು, ಎಲೆಯ ಹೊತ್ತನ್ನು ಹೇಗಾದರೂ ದಾಟಬೇಕು. ನಾನು ದಾಟುವುದು ಬೇಕಂತಲೇ ಪೆದ್ದು ಪೆದ್ದಾಗಿ ಬರೆದು. 'ಗಾಳಿಗೆ ಬೇರೆ ದಾರಿ ತೋರಿಸುವುದು.' 'ಮನೆಯನ್ನು ಸ್ವಲ್ಪ ವಾಲಿಸುವುದು.' 'ಬಾಗಿಲನ್ನೇ ಕಿತ್ತುಹಾಕುವುದು.'

ಸಂಜೆ ಮಹಾಶಯ ಬಂದ. ಒಂದೊಂದನ್ನೇ ಹೊಡೆಯುತ್ತಾ ಬಂದು ಕೊನೆಯದರ ಮುಂದೆ ನಿಂತ. 'ಬಾಗಿಲು ಕಿತ್ತರೆ...' ಅಂತ ಶುರು ಮಾಡಿದವನು ವಾಕ್ಯ ಮುಗಿಸಲಿಲ್ಲ. ಕಿತ್ತರೆ ಏನಾಗುತ್ತದೆ? ಅದು ಎರಡು ಕೋಣೆಗಳ ನಡುವಿನ ಬಾಗಿಲು. ಗಾಳಿಯನ್ನು ಬಿಟ್ಟರೆ ಅದನ್ನು ಮುಚ್ಚಿದವರೇ ಇಲ್ಲ. ಈಗ ಅದು ಸ್ಟ್ಯಾಂಡುಗಳ ಮೇಲೆ ಮಲಗಿ ನನ್ನ ಬರೆಯುವ ಮೇಜಾಗಿದೆ. ಹಿಡಿ ಬಿಚ್ಚಿದ ತೂತಿನಲ್ಲಿ ದೀಪದ ವೈರು ಹಾಯಿಸಿದ್ದೇನೆ.

ಪಟ್ಟಿಯಿಂದ ಕೆಲಸ ಆಗದಿದ್ದರೆ ಬಾಯಿಬಿಟ್ಟು ಹೇಳಿಕೊಳ್ಳುವುದೂ ಒಂದು ದಾರಿ. ಕೆಲವು ಪ್ರೋಗ್ರಾಮರುಗಳು ಟೇಬಲ್ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡಿರುತ್ತಾರೆ. ಕೋಡ್ ಕೈಕೊಟ್ಟಾಗ ಒಂದೊಂದು ಸಾಲನ್ನೂ ಅದಕ್ಕೆ ವಿವರಿಸುತ್ತಾರೆ. ಅರ್ಧ ದಾರಿಯಲ್ಲೇ 'ಅಯ್ಯೋ, ಇಲ್ಲಿದೆ ತಪ್ಪು' ಅಂತ ತಮಗೇ ಗೊತ್ತಾಗುತ್ತದೆ. ಬಾತುಕೋಳಿಯ ದೊಡ್ಡ ಗುಣ ಅಂದರೆ, ಅದು ನಡುವೆ ಬಾಯಿ ಹಾಕುವುದಿಲ್ಲ.

ಇನ್ನು ಎಲ್ಲ ಬಿಟ್ಟು ತಿರುಗಾಡಲು ಹೋಗುವವರಿದ್ದಾರೆ. ಅವರು ಉದಾಹರಣೆಗೆ ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆಯನ್ನು ಎಳೆದು ತರುತ್ತಾರೆ. ಪ್ರವಾಸ ಹೋಗಿದ್ದಾಗ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲೇ ಅವನಿಗೆ ದೊಡ್ಡದೊಂದು ಗಣಿತ ಹೊಳೆಯಿತು. ನಿಜ, ಅವನೇ ಬರೆದಿದ್ದಾನೆ. ಆದರೆ ಅದಕ್ಕೂ ಮುಂಚೆ ಹದಿನೈದು ದಿನ ದಿನಾಲೂ ಮೇಜಿನ ಮುಂದೆ ಕೂತು ಒದ್ದಾಡಿದ್ದನ್ನೂ ಅವನೇ ಬರೆದಿದ್ದಾನೆ. ಅದನ್ನು ಯಾರೂ ಹೇಳುವುದಿಲ್ಲ. ಬರೀ ಬಸ್ಸಿನ ಪುಣ್ಯವೇ ಆಗಿದ್ದರೆ ಕಂಡಕ್ಟರುಗಳೆಲ್ಲ ಗಣಿತಜ್ಞರಾಗಿರಬೇಕಿತ್ತು.

ನನಗೆ ಹೊಳೆಯುವುದು ನಿದ್ದೆ ಹತ್ತುವ ಹೊತ್ತಿನಲ್ಲಿ. ಬೆಳಗ್ಗೆ ನೆನಪಿರುತ್ತೆ ಬಿಡು ಅನ್ನಿಸುತ್ತದೆ. ಇರುವುದಿಲ್ಲ. ಅದಕ್ಕೇ ಈಗ ದಿಂಬಿನ ಪಕ್ಕದಲ್ಲಿ ಚೀಟಿ, ಪೆನ್ಸಿಲ್ಲು ಇಟ್ಟುಕೊಂಡಿದ್ದೇನೆ. ಇವತ್ತು ಬೆಳಗ್ಗೆ ನೋಡಿದರೆ ಚೀಟಿಯಲ್ಲಿ ನನ್ನದೇ ಅಕ್ಷರ: 'ಉಲ್ಟಾ ಇಟ್ಟರೆ ಸರಿಹೋಗುತ್ತೆ!' ಕೆಳಗೆ ಎರಡು ಗೆರೆ ಬೇರೆ. ಏನನ್ನು ಅಂತ ಬರೆದಿಲ್ಲ. ಟೇಬಲ್ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿ ಇಟ್ಟು ನೋಡುತ್ತಿದ್ದೇನೆ. ಇಂಕಿನ ಬಾಟಲಿ ಒಂದು ಬಾಕಿ ಇದೆ.