ಕಪ್ಪು ಚಹಾ ಕುಡಿಯೋಣ, ಊಟದ ತಟ್ಟೆಯಿಂದ ಮಾತ್ರ ದೂರ ಇಡೋಣ

ವಿಜಯಪುರದಲ್ಲಿ ಯಾರ ಮನೆಗೆ ಹೋದರೂ ಚಹಾ ಬೇಡ ಅನ್ನುವ ಹಾಗಿಲ್ಲ. "ಈಗಷ್ಟೇ ಕುಡಿದು ಬಂದೆ" ಅಂದರೆ "ಅರ್ಧ ಕಪ್ ತಗೋರಿ, ಏನ್ ಆಗಂಗಿಲ್ಲ" ಅನ್ನುತ್ತಾರೆ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಒಲೆ ಮೇಲೆ ಪಾತ್ರೆ ಕುದಿಯುತ್ತಿರುತ್ತದೆ. ಈ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಷ್ಟು ಪ್ರೀತಿಸುವ ಪದಾರ್ಥವನ್ನು ಕುದಿಸಿ ಕುದಿಸಿ ರುಚಿ ಕೆಡಿಸುತ್ತೇವೆ. ಆಮೇಲೆ ಅದನ್ನು ಕುಡಿಯಬಾರದ ಹೊತ್ತಲ್ಲೇ ಕುಡಿಯುತ್ತೇವೆ. ಈ ಎರಡರ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂತಿತ್ತು.

ನಾನು ಹೇಳುತ್ತಿರುವುದು ಕಪ್ಪು ಚಹಾದ ಬಗ್ಗೆ. ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಎಲೆ ಮತ್ತು ನೀರು. ನಮ್ಮ ಕಡೆ ಇದನ್ನು ಜ್ವರ ಬಂದವರಿಗೆ, ಹೊಟ್ಟೆ ಕೆಟ್ಟವರಿಗೆ ಕೊಡುತ್ತಾರೆ. ಇಲ್ಲವೇ ಹಾಲು ಒಡೆದ ದಿನ ಮಾಡುತ್ತಾರೆ. ಅದು ಬೇರೆಯೇ ಒಂದು ಒಳ್ಳೆ ಪೇಯ ಅಂತ ನೋಡುವವರು ಕಡಿಮೆ.

ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಿತ್ತ ಎಲೆಯನ್ನು ಮೊದಲು ಬಾಡಿಸುತ್ತಾರೆ. ಆಮೇಲೆ ಹೊಸೆದು ಜಜ್ಜುತ್ತಾರೆ. ಆಗ ಎಲೆಯ ರಸಕ್ಕೆ ಗಾಳಿ ತಾಗಿ, ಎಲೆಯಲ್ಲೇ ಇರುವ ಕಿಣ್ವಗಳು ಕೆಲಸ ಶುರು ಮಾಡುತ್ತವೆ. ಕ್ಯಾಟೆಕಿನ್ ಅನ್ನುವ ಅಂಶಗಳು ಥಿಯಾಫ್ಲೇವಿನ್, ಥಿಯಾರುಬಿಜಿನ್ ಆಗುತ್ತವೆ. ಕೆಂಪು ಬಣ್ಣ, ನಾಲಿಗೆ ಹಿಡಿಯುವ ಒಗರು, ಆ ಘಮ ಎಲ್ಲ ಬರುವುದು ಇಲ್ಲಿಂದ. ಕೊನೆಗೆ ಬಿಸಿ ಗಾಳಿಯಲ್ಲಿ ಒಣಗಿಸಿ ನಿಲ್ಲಿಸುತ್ತಾರೆ. ಹಸಿರು ಚಹಾಕ್ಕೆ ಎಲೆಯನ್ನು ಮೊದಲೇ ಬಿಸಿ ಮಾಡಿ ಈ ಬದಲಾವಣೆ ಆಗದಂತೆ ತಡೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಕಪ್ಪು ಚಹಾ ಮೊದಲು ಹುಟ್ಟಿದ್ದು ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿ, 17ನೇ ಶತಮಾನದಲ್ಲಿ ಅಂತ ಹೇಳುತ್ತಾರೆ. ನಮ್ಮ ದೇಶದ ಕತೆ ಅಸ್ಸಾಮಿನದು. 1823ರಲ್ಲಿ ರಾಬರ್ಟ್ ಬ್ರೂಸ್ ಅನ್ನುವ ಸ್ಕಾಟ್ಲೆಂಡಿನ ವ್ಯಾಪಾರಿಗೆ ಸಿಂಗ್‌ಫೋ ಜನ ಅಲ್ಲಿ ತಾನಾಗೇ ಬೆಳೆದ ಚಹಾ ಗಿಡ ತೋರಿಸಿದರು. ಅವರು ಅದನ್ನು ಎಷ್ಟೋ ಕಾಲದಿಂದ ಕುಡಿಯುತ್ತಿದ್ದರು. ಆ ಜನರ ಸುದ್ದಿಯನ್ನು ಬ್ರೂಸ್‌ಗೆ ಮುಟ್ಟಿಸಿದ್ದು ಮಣಿರಾಮ್ ದೆವಾನ್. 1838ರಲ್ಲಿ ಅಸ್ಸಾಂ ಚಹಾದ ಮೊದಲ ಪೆಟ್ಟಿಗೆಗಳು ಲಂಡನ್‌ಗೆ ಹೊರಟವು, 1839ರ ಜನವರಿಯಲ್ಲಿ ಅಲ್ಲಿ ಹರಾಜಾದವು.

ಈ ಮಣಿರಾಮ್ ದೆವಾನರ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ರಿಟಿಷರ ಕಂಪನಿಯಲ್ಲಿ ದಿವಾನರಾಗಿದ್ದವರು ಆ ಕೆಲಸ ಬಿಟ್ಟು, ಜೋರ್ಹಾಟ್ ಹತ್ತಿರ ಸ್ವಂತ ತೋಟ ಹಾಕಿದರು. ವ್ಯಾಪಾರಕ್ಕೆ ಚಹಾ ಬೆಳೆದ ಮೊದಲ ಭಾರತೀಯರಲ್ಲಿ ಅವರೂ ಒಬ್ಬರು. 1857ರ ದಂಗೆಯಲ್ಲಿ ಪಾಲಿದೆ ಅಂತ 1858ರ ಫೆಬ್ರವರಿ 26ರಂದು ಅವರನ್ನು ಗಲ್ಲಿಗೇರಿಸಿದರು. ಅದಕ್ಕೂ ಎರಡು ತಿಂಗಳ ಹಿಂದೆ, 1857ರ ಡಿಸೆಂಬರಿನಲ್ಲಿ, ನಮ್ಮ ಪಕ್ಕದ ಮುಧೋಳದಲ್ಲಿ ಹಲಗಲಿಯ ಬೇಡರನ್ನು ಗಲ್ಲಿಗೆ ಹಾಕಿದ್ದರು. 1858ರ ಜೂನ್‌ನಲ್ಲಿ ನರಗುಂದದ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಅದೇ ಗತಿಯಾಯಿತು. ಹಲಗಲಿ, ನರಗುಂದದ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ದಿನಾ ಚಹಾ ಕುಡಿಯುವ ನಾವು ಮಣಿರಾಮರ ಹೆಸರನ್ನೂ ಇಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಹಾಗಾದರೆ ನಮ್ಮ ಕುದಿಸುವ ಚಹಾ ಎಲ್ಲಿಂದ ಬಂತು? ಬೆಳೆದ ಚಹಾ ಬಹುತೇಕ ಹೊರದೇಶಕ್ಕೇ ಹೋಗುತ್ತಿದ್ದ ಕಾಲ ಅದು. 20ನೇ ಶತಮಾನದ ಮೊದಲ ಭಾಗದಲ್ಲಿ ಚಹಾ ಉದ್ಯಮದವರು ನಮ್ಮ ಜನಕ್ಕೂ ಅಭ್ಯಾಸ ಮಾಡಿಸಲು ರೈಲು ನಿಲ್ದಾಣ, ಗಿರಣಿ, ಸಂತೆಗಳಲ್ಲಿ ಪ್ರಚಾರಕ್ಕಿಳಿದರು. ಅವರು ಕಲಿಸಿದ್ದು ಬಿಸಿನೀರು ಸುರಿದು ಎಲೆ ನೆನೆಸುವ ವಿಧಾನವನ್ನೇ. ಆದರೆ ಎಲೆ ದುಬಾರಿ. ಅಂಗಡಿಯವರು ಸ್ವಲ್ಪ ಪುಡಿಯಲ್ಲಿ ಜಾಸ್ತಿ ಚಹಾ ತೆಗೆಯಬೇಕಿತ್ತು. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದರು. ಆಮೇಲೆ ಸಿಟಿಸಿ ಬಂತು. 1930ರಲ್ಲಿ ವಿಲಿಯಂ ಮೆಕರ್ಚರ್ ಅನ್ನುವವರು ಅಸ್ಸಾಮಿನ ಒಂದು ತೋಟದಲ್ಲಿ ಮಾಡಿದ ಯಂತ್ರ ಅದು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳು ಕಾಳು ಮಾಡುತ್ತದೆ. ನಾವು ಕಿರಾಣಿ ಅಂಗಡಿಯಿಂದ ತರುವ ಪುಡಿ ಬಹುತೇಕ ಇದೇ. ಬೇಗ ಬಣ್ಣ ಬಿಡುತ್ತದೆ, ಖಡಕ್ ಇರುತ್ತದೆ, ಹಾಲಿಗೆ ಸರಿಯಾಗಿ ಕೂಡುತ್ತದೆ. ಈಗ ದೇಶದಲ್ಲಿ ಬೆಳೆಯುವ ಚಹಾದಲ್ಲಿ ಸುಮಾರು 80% ನಾವೇ ಕುಡಿದು ಮುಗಿಸುತ್ತೇವೆ.

ಹಾಲು ಹಾಕುವುದಾದರೆ ಕುದಿಸಿ, ಬೇಡ ಅನ್ನಲ್ಲ. ಕಪ್ಪು ಚಹಾವನ್ನು ಮಾತ್ರ ಹಾಗೆ ಕುದಿಸಬೇಡಿ. ಜಾಸ್ತಿ ಕುದಿಸಿದರೆ ಘಮ ಆವಿಯಾಗಿ ಹೋಗುತ್ತದೆ, ಕಹಿ ಮತ್ತು ಒಗರು ಉಳಿಯುತ್ತದೆ. ಹಾಲು ಇದ್ದಾಗ ಅದು ಮುಚ್ಚಿಹೋಗುತ್ತದೆ, ಹಾಲಿಲ್ಲದಾಗ ಸೀದಾ ಗಂಟಲಿಗೆ ಹೊಡೆಯುತ್ತದೆ. ಒಮ್ಮೆ ಹೀಗೆ ಕುಡಿದವರು "ಕಪ್ಪು ಚಹಾ ನಮಗೆ ಆಗಂಗಿಲ್ಲ" ಅಂತ ಬಿಟ್ಟುಬಿಡುತ್ತಾರೆ. ರುಚಿ ನೋಡುವವರು ಬಳಸುವ ಐಎಸ್‌ಒ 3103 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲೂ ಕುದಿಯುವ ನೀರನ್ನು ಎಲೆ ಮೇಲೆ ಸುರಿದು ಮುಚ್ಚಿಡುತ್ತಾರೆ, ಒಲೆ ಮೇಲೆ ಇಡುವುದಿಲ್ಲ.

ಮನೆಯಲ್ಲಿ ಮಾಡುವುದು ಸುಲಭ. ಒಂದು ದೊಡ್ಡ ಕಪ್ ನೀರಿಗೆ 2 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಎಲೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಎಲೆ ಹಾಕಿ, ಮುಚ್ಚಿ. ಅಸ್ಸಾಮಿನ ಉದ್ದ ಎಲೆಗೆ ನಾಲ್ಕು ನಿಮಿಷ ಬೇಕು. ಸಿಟಿಸಿ ಪುಡಿಗೆ ಎರಡು ನಿಮಿಷ ಸಾಕು. ಡಾರ್ಜಿಲಿಂಗ್‌ನ ಮೊದಲ ಕೊಯ್ಲಿನ ಎಲೆ ಸಿಕ್ಕರೆ ನೀರನ್ನು ಸ್ವಲ್ಪ ಆರಿಸಿ ಹಾಕಬೇಕು. ನೀಲಗಿರಿ ಚಹಾ ನಮ್ಮವರಿಗೆ ಬೇಗ ಹಿಡಿಸುತ್ತದೆ, ಅದರ ಒಗರು ಕಡಿಮೆ. ನಮ್ಮ ಚಿಕ್ಕಮಗಳೂರಿನಲ್ಲೂ ಚಹಾ ತೋಟಗಳಿವೆ, ಸಿಕ್ಕರೆ ಅದನ್ನೂ ನೋಡಿ.

ಎಲೆಗಿಂತ ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ ನೀರಿನದು. ಒಂದೇ ಪುಡಿಯನ್ನು ಎರಡು ಗಾಜಿನ ಗ್ಲಾಸಿನಲ್ಲಿ ಮಾಡಿ ನೋಡಿ. ಒಂದಕ್ಕೆ ನಳದಲ್ಲಿ ಬರುವ ಕೃಷ್ಣಾ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು. ಹೊಳೆ ನೀರಿನ ಚಹಾ ಬೆಳಕಿಗೆ ಹಿಡಿದರೆ ಕೆಂಪಗೆ ಹೊಳೆಯುತ್ತದೆ, ಆಚೆ ಬದಿ ಕಾಣುತ್ತದೆ. ಬೋರ್‌ವೆಲ್ ನೀರಿನದು ಮಣ್ಣು ಕದಡಿದ ಹಾಗೆ ಮಂಕಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಚಮಚದಿಂದ ಸರಿಸಿದರೆ ಪದರ ತುಂಡು ತುಂಡಾಗಿ ಒಡೆದು ಗ್ಲಾಸಿನ ಅಂಚಿಗೆ ಹತ್ತುತ್ತದೆ. ಗಡಸು ನೀರಿನ ಸುಣ್ಣದ ಅಂಶವೂ ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್ ಅನ್ನುವ ಅಂಶಗಳೂ ಸೇರಿ ಆಗುವುದು ಅದು. ಈಗ ಅದಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿ. ಪದರ ಮಾಯ, ಬಣ್ಣ ಕಣ್ಣೆದುರೇ ತಿಳಿಯಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಹುಳಿ ಬಿದ್ದಾಗ ಚಹಾದ ಬಣ್ಣದ ಅಂಶಗಳೂ ಬದಲಾಗುತ್ತವೆ. ಇಂಡಿ ಲಿಂಬೆ ಬೆಳೆಯುವ ಜಿಲ್ಲೆ ನಮ್ಮದು, ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅದನ್ನು ಉಪ್ಪಿನಕಾಯಿಗೆ, ಶರಬತ್ತಿಗೆ ಮಾತ್ರ ಯಾಕೆ ಇಡಬೇಕು?

ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ವಿಷಯ ಇನ್ನೂ ಗಂಭೀರ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರಿನ ಬೋರ್‌ವೆಲ್‌ಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಗಿಂತ ಜಾಸ್ತಿ ಇದೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಅಂಥ ಊರಿನವರು ಚಹಾಕ್ಕೂ ಶುದ್ಧ ನೀರಿನ ಘಟಕದ ನೀರೇ ಬಳಸಿ. "ಹೆಂಗೂ ಕುದಿಸ್ತೀವಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಆರೋಗ್ಯದ ಬಗ್ಗೆ ವಾಟ್ಸಾಪ್‌ನಲ್ಲಿ ಬರುವುದನ್ನೆಲ್ಲ ನಂಬಬೇಡಿ. ಕಪ್ಪು ಚಹಾ ಶುಗರ್ ವಾಸಿ ಮಾಡುವುದಿಲ್ಲ, ಹೊಟ್ಟೆ ಕರಗಿಸುವುದಿಲ್ಲ. ಆದರೆ ಒಳ್ಳೆಯ ಸುದ್ದಿ ನಿಜಕ್ಕೂ ಇದೆ. ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿನವರು ಹೆಚ್ಚಾಗಿ ಕುಡಿಯುವುದು ಕಪ್ಪು ಚಹಾದ ಎಲೆಯೇ. ದಿನಕ್ಕೆ ಎರಡು ಕಪ್ ಅಥವಾ ಜಾಸ್ತಿ ಕುಡಿಯುವವರಲ್ಲಿ, ಕುಡಿಯದವರಿಗಿಂತ ಸಾವಿನ ಅಪಾಯ 9ರಿಂದ 13% ಕಡಿಮೆ ಕಂಡಿತು. ಚಹಾದಿಂದಲೇ ಹೀಗಾಯಿತು ಅಂತ ಅದು ಸಾಬೀತು ಮಾಡುವುದಿಲ್ಲ, ಆದರೂ ಧೈರ್ಯ ಕೊಡುವ ಮಾತು. ಹಾಲು ಹಾಕಿದರೂ ಬಿಟ್ಟರೂ ಅಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ನನ್ನ ಪ್ರಕಾರ ನಮ್ಮ ಮಟ್ಟಿಗೆ ನಿಜವಾದ ಲಾಭ ಸಕ್ಕರೆಯದು. ಕಪ್‌ಗೆ ಎರಡು ಚಮಚದಂತೆ ದಿನಕ್ಕೆ ಐದು ಕಪ್ ಅಂದರೆ ಹತ್ತು ಚಮಚ, ಹತ್ತಿರ ಹತ್ತಿರ 50 ಗ್ರಾಂ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೇದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಪ್ಪು ಚಹಾ ಸರಿಯಾಗಿ ಮಾಡಿದರೆ ಸಕ್ಕರೆ ಇಲ್ಲದೇ ಕುಡಿಯಬಹುದು.

ಇನ್ನೊಂದು, ಸುಡುಸುಡು ಕುಡಿಯಬೇಡಿ. 65 ಡಿಗ್ರಿಗಿಂತ ಬಿಸಿಯಾದ ಪೇಯಗಳಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ. ನಮ್ಮ ಹಿರಿಯರು ಬಶಿಗೆ ಸುರಿದು ಆರಿಸಿ ಕುಡಿಯುತ್ತಿದ್ದದ್ದು ಎಷ್ಟು ಒಳ್ಳೆ ಪದ್ಧತಿ ನೋಡಿ.

ಈಗ ಊಟದ ವಿಷಯ. ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯ, ಮೊಳಕೆ ಹೆಸರು ಇವುಗಳಲ್ಲಿ ಕಬ್ಬಿಣದ ಅಂಶ ಇದೆ. ಸೊಪ್ಪು, ಕಾಳಿನ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಷ್ಟ. ಮೇಲೆ ಚಹಾ ಬಿದ್ದರೆ ಅದರ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುತ್ತವೆ. ಊಟದ ಜೊತೆಗೇ ಕುಡಿದರೆ ಮೈಗೆ ಹತ್ತುವ ಕಬ್ಬಿಣ ಅರ್ಧಕ್ಕಿಂತ ಕಡಿಮೆಯಾಗಬಹುದು. ಹಾಲಿನ ಚಹಾದಿಂದಲೂ ಈ ತೊಂದರೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಕಾರಣ ಚಹಾ ಒಂದೇ ಅಲ್ಲ. ಆದರೆ ನಮ್ಮ ಹಳ್ಳಿ ಮನೆಗಳನ್ನು ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಒಂದು ರೊಟ್ಟಿ ತಿಂದು, ಉಳಿದ ಹಸಿವನ್ನು ಚಹಾದಲ್ಲಿ ತುಂಬಿಕೊಳ್ಳುವವರು ಯಾರು? ಕಳೆ ತೆಗೆಯಲು ಹೊಲಕ್ಕೆ ಹೋದಾಗ ಬುತ್ತಿಯ ಮೇಲೆ ಚಹಾ ಕುಡಿದು ಮಧ್ಯಾಹ್ನ ದೂಡುವವರು ಯಾರು? ಇದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ.

ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ ಕಾಫಿ ಬೇಡ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿ ಹಾಲಿಲ್ಲದ ಚಹಾದ ಒಳ್ಳೆಯ ಗುಣಗಳನ್ನೂ ಹೇಳುತ್ತದೆ. ಹಾಗಾಗಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೊತ್ತು ಬದಲಿಸಿ ಅನ್ನುತ್ತಿದ್ದೇನೆ. ಮಧ್ಯಾಹ್ನ ಎರಡಕ್ಕೆ ಊಟ ಆದರೆ ನಾಲ್ಕಕ್ಕೆ ಚಹಾ ಇಡಿ. ಊಟದ ಮೇಲೆ ಏನಾದರೂ ಬೇಕೇ ಬೇಕು ಅಂದರೆ ಲಿಂಬೆ ನೀರು ಕೊಡಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ.

ಮನೆಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಇದು ಇನ್ನೂ ಮುಖ್ಯ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕಬ್ಬಿಣದ ಗುಳಿಗೆ ಕೊಟ್ಟು ಹೋಗುತ್ತಾರೆ. ಅದನ್ನು ಚಹಾದ ಜೊತೆ ನುಂಗುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅತ್ತೆಯರು, ಗಂಡಂದಿರು ದಯವಿಟ್ಟು ಇದನ್ನು ಗಮನಿಸಿ. ಗುಳಿಗೆಗೆ ನೀರು ಕೊಡಿ, ಲಿಂಬೆ ನೀರಾದರೆ ಇನ್ನೂ ಒಳ್ಳೇದು. ಚಹಾ ಆಮೇಲೆ ಎರಡು ತಾಸು ಬಿಟ್ಟು ಮಾಡಿದರಾಯಿತು, ಮತ್ತು ಆ ಚಹಾವನ್ನು ನೀವೇ ಮಾಡಿಕೊಡಿ.