ಮಲದ ಡಬ್ಬಿ ಕಳಿಸುವ ಮೊದಲು ಔಷಧಿ ಚಾರ್ಟ್ ನೋಡಿ

ಬೇರೆ ಯಾವುದೋ ಕಾಯಿಲೆಗೆ ಅಡ್ಮಿಟ್ ಆದ ರೋಗಿಗೆ ಐದನೇ ದಿನ ಭೇದಿ ಶುರುವಾಗುತ್ತದೆ. ತಕ್ಷಣ ಮಲದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ), ಹುಳುವಿನ ಪರೀಕ್ಷೆ, ಸಿಕ್ಕರೆ ಹತ್ತಾರು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಪಿಸಿಆರ್ ಪ್ಯಾನೆಲ್, ಎಲ್ಲಾ ಬರೆದಾಗುತ್ತದೆ. ಇದನ್ನು ಮುತುವರ್ಜಿ ಅಂತಾರೆ. ನನಗೇನೋ ಇದು ಯೋಚಿಸುವ ಕೆಲಸವನ್ನು ಲ್ಯಾಬ್ ತಲೆಗೆ ಕಟ್ಟಿದ ಹಾಗೆ ಕಾಣುತ್ತದೆ.

ಸಾಲ್ಮೊನೆಲ್ಲಾ, ಶಿಗೆಲ್ಲಾ ಬ್ಯಾಕ್ಟೀರಿಯಾಗಳು, ಹುಳುಗಳು ಸಾಮಾನ್ಯವಾಗಿ ಹೊರಗಿಂದ ಹೊತ್ತು ತಂದವು. ಅಡ್ಮಿಟ್ ಆಗಿ 3 ದಿನ ಕಳೆದ ಮೇಲೆ ಶುರುವಾದ ಭೇದಿಯಲ್ಲಿ ಇವು ಸಿಗುವುದು ತೀರಾ ಅಪರೂಪ. ಅದಕ್ಕೇ ಎಷ್ಟೋ ಲ್ಯಾಬ್‌ಗಳು ಅಂಥ ಸ್ಯಾಂಪಲ್ ತಗೊಳ್ಳುವುದೇ ಇಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರು, ವಾರ್ಡಿನಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಹರಡುತ್ತಿರುವುದು, ಇವೆಲ್ಲ ಬೇರೆ ಮಾತು.

ಆಸ್ಪತ್ರೆಯೊಳಗಿನ ಭೇದಿಗೆ ಬಹಳ ಸಲ ರೋಗಾಣು ಕಾರಣವೇ ಅಲ್ಲ. ಮಲಬದ್ಧತೆಗೆ ಕೊಟ್ಟ ಲ್ಯಾಕ್ಟುಲೋಸ್ ನಿಲ್ಲಿಸಲು ಮರೆತಿರುತ್ತಾರೆ. ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕಿದ ಸಾರ್ಬಿಟಾಲ್ ಇರುತ್ತದೆ, ಅದೂ ಭೇದಿ ಮಾಡಿಸುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮೆಗ್ನೀಸಿಯಂ, ಟ್ಯೂಬ್ ಫೀಡ್, ಆಂಟಿಬಯಾಟಿಕ್ ಎಲ್ಲಾ ಸಾಲಾಗಿ ನಿಂತಿರುತ್ತವೆ. ವಯಸ್ಸಾದವರಲ್ಲಿ ಗಟ್ಟಿ ಮಲ ಕೆಳಗೆ ಕಟ್ಟಿಕೊಂಡು, ಪಕ್ಕದಿಂದ ನೀರು ಜಿನುಗುವುದೂ ಉಂಟು. ಅದು ಗೊತ್ತಾಗಲು ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರೆ ಸಾಕು, ಪಿಸಿಆರ್ ಬೇಡ!

ನಿಜವಾಗಿ ಹುಡುಕಬೇಕಾದ್ದು ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್, ನಾವು ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾ. 24 ಗಂಟೆಯಲ್ಲಿ 3 ಅಥವಾ ಹೆಚ್ಚು ಸಲ ನೀರು ಭೇದಿ, ಹೊಸದಾಗಿ ಶುರುವಾಗಿದ್ದು, ಬೇರೆ ಕಾರಣ ಕಾಣುತ್ತಿಲ್ಲ, ಅದರಲ್ಲೂ ಆಂಟಿಬಯಾಟಿಕ್ ತಗೊಂಡಿದ್ದಾರೆ ಅಂದರೆ ತಡಮಾಡದೆ ಕಳಿಸಿ. ಜೊತೆಗೆ ಜ್ವರ, ಬಿಳಿ ರಕ್ತಕಣ ಏರಿಕೆ, ಹೊಟ್ಟೆ ಉಬ್ಬರ ಇದ್ದರಂತೂ ರಿಪೋರ್ಟ್‌ಗೆ ಕಾಯದೆ ಚಿಕಿತ್ಸೆ ಶುರುಮಾಡಬೇಕಾಗಬಹುದು.

ಆದರೆ ಇಲ್ಲೇ ಎಡವುವುದು ಜಾಸ್ತಿ. ಈ ಬ್ಯಾಕ್ಟೀರಿಯಾ ಎಷ್ಟೋ ಜನರ ಕರುಳಿನಲ್ಲಿ ಸುಮ್ನೆ ಇರುತ್ತದೆ. ಪಿಸಿಆರ್ ಹುಡುಕುವುದು ಟಾಕ್ಸಿನ್ (ಭೇದಿ ತರುವ ವಿಷ) ಮಾಡುವ ಜೀನನ್ನು, ಟಾಕ್ಸಿನ್ ಅನ್ನಲ್ಲ. ಲ್ಯಾಕ್ಟುಲೋಸ್‌ನಿಂದ ಭೇದಿ ಆದವರಲ್ಲೂ ಪಾಸಿಟಿವ್ ಬರಬಹುದು. ಆಮೇಲೆ ಬೇಡದ ವ್ಯಾಂಕೋಮೈಸಿನ್ ಆಂಟಿಬಯಾಟಿಕ್, ಬೇಡದ ಐಸೊಲೇಷನ್. ಹಾಗಾಗಿ ಮೊದಲು ಜಿಡಿಎಚ್ (ಈ ಬ್ಯಾಕ್ಟೀರಿಯಾ ಇದೆ ಅಂತ ತೋರಿಸುವ ಕಿಣ್ವ) ಮತ್ತು ಟಾಕ್ಸಿನ್ ನೋಡಿ, ಎರಡರ ಫಲಿತಾಂಶ ಒಂದಕ್ಕೊಂದು ಹೊಂದದಿದ್ದಾಗ ಮಾತ್ರ ಪಿಸಿಆರ್‌ಗೆ ಹೋಗುವ ಕ್ರಮ ನನಗೆ ಹಿಡಿಸುತ್ತದೆ. ಟಾಕ್ಸಿನ್ ಪರೀಕ್ಷೆ ಕೆಲವು ಕೇಸ್ ತಪ್ಪಿಸುತ್ತದೆ, ಒಪ್ಪುತ್ತೇನೆ. ಅದಕ್ಕೇ ರೋಗಿಯ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರ್ ಬೇಕಾಗಿರುವುದು, ಅಲ್ವಾ?

ಗಟ್ಟಿ ಮಲ ಕಳಿಸಬೇಡಿ. ಹಿಂದಿನ 48 ಗಂಟೆಯಲ್ಲಿ ಲ್ಯಾಕ್ಟುಲೋಸ್‌ನಂಥ ಭೇದಿ ಮಾಡಿಸುವ ಔಷಧಿ ಕೊಟ್ಟಿದ್ದರೆ, ರೋಗಿ ಸ್ಥಿರವಾಗಿದ್ದರೆ, ಅದನ್ನು ನಿಲ್ಲಿಸಿ ಕಾದು ನೋಡಿ. ನೆಗೆಟಿವ್ ಬಂತು ಅಂತ ಅದೇ ಭೇದಿಗೆ ವಾರದೊಳಗೆ ಮತ್ತೆ ಕಳಿಸುವುದರಿಂದ ಲಾಭ ಕಡಿಮೆ, ಪಾಸಿಟಿವ್ ಬಂದರೂ ಅದು ಸುಳ್ಳಾಗಿರುವ ಸಾಧ್ಯತೆ ಹೆಚ್ಚು. ವಾಸಿಯಾದ ಮೇಲೆ ‘ನೆಗೆಟಿವ್ ಆಯ್ತಾ’ ಅಂತ ನೋಡುವುದೂ ಬೇಡ. ಆರಾಮಾಗಿ ಓಡಾಡುವವರಲ್ಲೂ ವಾರಗಟ್ಟಲೆ ಪಾಸಿಟಿವ್ ಇರಬಹುದು.