ಕೋಟೆಯೊಳಗೆ ಇನ್ನೂ ಸಂಸಾರ ನಡೀತಿರೋ ಊರು

ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟಲ್ಲಿ. ಬೇಸಿಗೆ ರಜೆಗೆ ಅಮ್ಮ ಹೊಸಪೇಟೆಯಿಂದ ಬಂದಿದ್ರು, ಮಕ್ಕಳಿಗೂ ಸ್ಕೂಲಿರಲಿಲ್ಲ, ಸರಿ ಅಂತ ಕಾರಲ್ಲೇ ಹೊರಟ್ವಿ. ಫ್ಯೂಸನ್ ದಾಟಿ, ಆಸ್ಟ್ರಿಯಾದ ಫರ್ನ್ ಪಾಸ್ ಅನ್ನೋ ಘಾಟಿ ಹತ್ತಿಳಿದು, ರೆಶೆನ್ ಪಾಸ್ ಮೇಲಿಂದ ಇಟಲಿಯ ಸೌತ್ ಟಿರೋಲ್‌ಗೆ ಹೋಗೋ ದಾರಿ. ಬೆಟ್ಟ, ಹಿಮ, ಹಸು, ಹಸಿರು ಇವೆಲ್ಲದರ ಫೋಟೋ ಎಲ್ರೂ ಹಾಕ್ತಾರೆ, ನಾನು ಹೇಳ್ಬೇಕಂತಿರೋದು ಅಲ್ಲಿನ ಹಳೇ ಊರುಗಳ ಬಗ್ಗೆ, ಅವುಗಳನ್ನ ನೋಡ್ತಾ ನೋಡ್ತಾ ನಮ್ಮ ಹಂಪಿ ಬಗ್ಗೆ ಹೊಟ್ಟೆಯೊಳಗೆ ಆದ ಸಂಕಟದ ಬಗ್ಗೆ.

ಪಾಸ್ ದಾಟಿದ ಕೂಡ್ಲೇ ರೆಶೆನ್ ಕೆರೆ ಸಿಗುತ್ತೆ, ನೀರಿನ ಮಧ್ಯೆ ಒಂದು ಚರ್ಚಿನ ಗೋಪುರ ಮಾತ್ರ ನಿಂತಿದೆ. 14ನೇ ಶತಮಾನದ್ದು. 1950ರಲ್ಲಿ ವಿದ್ಯುತ್ತಿಗಾಗಿ ಡ್ಯಾಮ್ ಕಟ್ಟಿ ಗ್ರೌನ್ ಅನ್ನೋ ಊರನ್ನ ಮುಳುಗಿಸಿದ್ರು, 163 ಮನೆ ಹೋದವು, ಜನ ಬೇಡ ಅಂದ್ರೂ ಕೇಳಲಿಲ್ಲ. ಎಲ್ರೂ ಸೆಲ್ಫಿ ತಗೋತಿದ್ರು, ಅಮ್ಮ ಮಾತ್ರ ಸುಮ್ನೆ ನಿಂತುಬಿಟ್ರು. ನಮ್ಮಜ್ಜಿಯ ತವರು ನಾರಾಯಣದೇವರಕೆರೆ, ತುಂಗಭದ್ರಾ ಡ್ಯಾಮಿನ ಹಿನ್ನೀರಲ್ಲಿ ಹೋದ ಊರು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. "ಅಲ್ಲೂ ಇಲ್ಲೂ ಒಂದೇ ನೋಡಪ್ಪಾ" ಅಂದ್ರು ಅಮ್ಮ. ಹಾಗಾಗಿ ಯುರೋಪಿನವರು ಎಲ್ಲಾ ಸರಿಯಾಗೇ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ, ಜನರನ್ನ ಎಬ್ಬಿಸಿ ಕಳಿಸೋದ್ರಲ್ಲಿ ಅವರೂ ಕಮ್ಮಿ ಇಲ್ಲ.

ಅಲ್ಲಿಂದ ಕೆಳಗಿಳಿದ್ರೆ ಗ್ಲುರ್ನ್ಸ್. ಇಟಾಲಿಯನ್‌ನಲ್ಲಿ ಗ್ಲೊರೆಂಜಾ, ಬೋರ್ಡಲ್ಲಿ ಎರಡೂ ಇರುತ್ತೆ. ಸಾವಿರ ಜನನೂ ಇಲ್ಲದ ಊರು, ಆದ್ರೆ ಸುತ್ತ ಪೂರ್ತಿ ಕೋಟೆಗೋಡೆ, ಮೂರು ಬಾಗಿಲು. 1499ರ ಕಾಲ್ವೆನ್ ಯುದ್ಧದಲ್ಲಿ ಸುಟ್ಟುಹೋಗಿದ್ದನ್ನ ಮತ್ತೆ ಕಟ್ಟಿ, ಆ 16ನೇ ಶತಮಾನದ ಗೋಡೆ ಇವತ್ತಿಗೂ ಉಳಿದಿದೆ. ಒಳಗೆ ಕಮಾನುಗಳ ಕೆಳಗೆ ನಡೆಯೋ ಓಣಿ ಇದೆ, ಕಮಾನು ಎಷ್ಟು ತಗ್ಗು ಅಂದ್ರೆ ನಾನು ತಲೆ ಬಗ್ಗಿಸಿಕೊಂಡೇ ಹೋಗ್ಬೇಕಾಯ್ತು. ಆ ಕಮಾನಿನ ಪಕ್ಕದಲ್ಲೇ ಒಂದು ಮನೆ ಬಾಗಿಲು ತೆರೆದಿತ್ತು, ಒಳಗಿಂದ ಈರುಳ್ಳಿ ಹುರಿಯೋ ವಾಸನೆ, ಹೊಸ್ತಿಲ ಹತ್ರ ಮಣ್ಣು ಮೆತ್ತಿದ ರಬ್ಬರ್ ಬೂಟು, ಮೇಲೆ ಕಿಟಕಿಯಲ್ಲಿ ಒಬ್ಬ ಅಜ್ಜಿ ಹೂವಿನ ಕುಂಡಕ್ಕೆ ನೀರು ಹಾಕ್ತಾ ಇದ್ರು. ಅಮ್ಮ ನಿಂತು ನೋಡಿ "ಇಲ್ಲಿ ಇನ್ನೂ ಸಂಸಾರ ಮಾಡ್ಕೊಂಡು ಅದಾರಲ್ಲೋ" ಅಂದ್ರು, ಆಮೇಲೆ ಒಂದು ಕ್ಷಣ ಬಿಟ್ಟು "ಹಂಪಿ ಬಜಾರ್ ಹಿಂಗೇ ಇತ್ತು" ಅಂದ್ರು.

ಹೌದು, ಹಿಂಗೇ ಇತ್ತು. ವಿರೂಪಾಕ್ಷನ ಗುಡಿ ಎದುರಿಗೆ ಸಾಲು ಮಂಟಪ, ಅದರಲ್ಲೇ ಮನೆ, ಅಂಗಡಿ, ಇಡ್ಲಿ, ಮಿರ್ಚಿ, ಮಕ್ಕಳ ಆಟ. 2011ರ ಜುಲೈನಲ್ಲಿ ಬುಲ್ಡೋಜರ್ ತಂದು ಒಡೆದು, ಜನರನ್ನ ಕಡ್ಡಿರಾಂಪುರದ ಕಡೆ ಹೋಗಿ ಅಂದ್ರು. ಮಂಟಪದ ಕಂಬಗಳ ಮಧ್ಯೆ ಸಿಮೆಂಟ್ ಗೋಡೆ ಎಬ್ಬಿಸಿದ್ದು, ಶೀಟ್ ಹಾಕಿದ್ದು ತಪ್ಪೇ, ಅದನ್ನ ತೆಗೀಲೇಬೇಕಿತ್ತು, ನಾನು ಇಲ್ಲ ಅನ್ನಲ್ಲ. ಆದ್ರೆ ಸಿಮೆಂಟ್ ತೆಗೆಯೋದಕ್ಕೂ ಮನುಷ್ಯರನ್ನ ತೆಗೆಯೋದಕ್ಕೂ ವ್ಯತ್ಯಾಸ ಇಲ್ವಾ? ಗುಡಿ ಎದುರಿನ ಬೀದಿಯಲ್ಲಿ ಜನ ಇರೋದು ಅತಿಕ್ರಮಣ ಅಂತಾದ್ರೆ ವಿಜಯನಗರದ ಕಾಲದಲ್ಲಿ ಆ ಬಜಾರ್ ಯಾರಿಗೆ ಕಟ್ಟಿದ್ದು ಹೇಳಿ.

ಇಟಲಿಯ ಬಹಳಷ್ಟು ಹಳೇ ಊರುಗಳಲ್ಲಿ ತಡೆಯೋದು ಕಾರನ್ನ. ಝಡ್‌ಟಿಎಲ್, ಅಂದ್ರೆ ವಾಹನಗಳಿಗೆ ನಿರ್ಬಂಧ ಇರೋ ಜಾಗ, ಅಂತ ಬಿಳಿ ವೃತ್ತದ ಸುತ್ತ ಕೆಂಪು ಅಂಚಿನ ಬೋರ್ಡ್ ಇರುತ್ತೆ, ಅದು ದಾಟಿದ್ರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತೆ, ದಂಡದ ಕಾಗದ ತಿಂಗಳುಗಳ ಮೇಲೆ ಬೇರೆ ದೇಶದ ಮನೆಗೂ ಬರುತ್ತೆ. ಅಲ್ಲೇ ಮನೆ ಇರೋರಿಗೆ ಪರ್ಮಿಟ್, ನಮ್ಮಂಥೋರು ಹೊರಗೆ ಪಾರ್ಕ್ ಮಾಡಿ ನಡೀಬೇಕು. ಹಳೇ ಮನೆಯ ಮುಖ ಬದಲಾಯಿಸೋಕೆ ಪರವಾನಗಿ ಬೇಕು, ಒಳಗೆ ಗ್ಯಾಸ್ ಒಲೆ, ಬಿಸಿನೀರು ಎಲ್ಲಾ ಇಟ್ಕೋಬಹುದು. ಹಂಪಿಯಲ್ಲೂ ವಿಜಯವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಬಿಟ್ಟಿದ್ದಾರೆ, ಹೆಣ್ಣುಮಕ್ಕಳೇ ಓಡಿಸ್ತಾರೆ, ಅದು ನಿಜಕ್ಕೂ ಒಳ್ಳೇ ಕೆಲಸ. ಅಂದ್ರೆ ವಾಹನ ತಡೆಯೋದು ನಮಗೂ ಗೊತ್ತು.

ಎಬ್ಬಿಸದೇ ಇದ್ರೂ ಊರು ಖಾಲಿ ಆಗಬಹುದು, ಅದೂ ಇದೆ. ವೆನಿಸ್‌ನ ಹಳೇ ಊರಲ್ಲಿ 1951ರಲ್ಲಿ ಸುಮಾರು 1.75 ಲಕ್ಷ ಜನ ಇದ್ರು, ಈಗ 50 ಸಾವಿರಕ್ಕಿಂತ ಕಮ್ಮಿ, ಟೂರಿಸ್ಟ್ ಬಾಡಿಗೆ ಮುಂದೆ ಮನೆ ಬಾಡಿಗೆ ನಿಲ್ಲದೇ ಇದ್ದದ್ದೂ ಅದಕ್ಕೊಂದು ಕಾರಣ. ಹಾಗಾಗಿ ಮನೆಗಳೆಲ್ಲಾ ಹೋಂಸ್ಟೇ ಆಗದಂಗೆ ನೋಡ್ಕೊಳ್ಳೋದೂ ಇದರ ಜೊತೆಗೇ ಬರಬೇಕು.

ಹಂಪಿ ಬಜಾರ್ ಅಂತೂ ಹೋಯ್ತು. ಐಹೊಳೆ ಇನ್ನೂ ಇದೆ. ಗುಡಿಗೆ ಗುಡಿಗೆ ಅಂಟಿಕೊಂಡು ಮನೆಗಳಿವೆ, ಊರನ್ನ ಸ್ಥಳಾಂತರ ಮಾಡ್ಬೇಕು ಅನ್ನೋ ಮಾತು ವರ್ಷಗಳಿಂದ ನಡೀತಾನೇ ಇದೆ. ಹೋಗ್ತೀನಿ ಅನ್ನೋರಿಗೆ ಒಳ್ಳೇ ಜಾಗ, ಒಳ್ಳೇ ಪರಿಹಾರ ಕೊಡಿ. ಇರ್ತೀನಿ ಅನ್ನೋರಿಗೆ ಚರಂಡಿ, ಶೌಚಾಲಯ, ಮನೆ ರಿಪೇರಿಗೆ ಸಹಾಯಧನ, ಇಂಥದ್ದೇ ಕಲ್ಲು ಇಷ್ಟೇ ಎತ್ತರ ಅನ್ನೋ ನಿಯಮ ಕೊಡಿ, ಬಸ್ಸು ಕಾರುಗಳನ್ನ ಊರಾಚೆ ನಿಲ್ಲಿಸಿ. ದುರ್ಗಗುಡಿ ನೋಡೋಕೆ ಬಂದವರು ಅರ್ಧ ಕಿಲೋಮೀಟರ್ ನಡೆದು, ದಾರೀಲಿ ಯಾರದೋ ಮನೆ ಮುಂದೆ ರೊಟ್ಟಿ ಪಲ್ಯ ತಿಂದು ಹೋದ್ರೆ ಯಾರಿಗೂ ನಷ್ಟ ಇಲ್ಲ.